ಮತ್ತೆ ಕೋರ್ಟಿಗೆ ಅಲೆಯದಂತೆ ವಿಚ್ಛೇದನದ ರಾಜಿ ಪತ್ರ ಬರೆಸುವುದು ಹೇಗೆ

ಇಬ್ಬರೂ ಒಪ್ಪಿ ಬೇರೆಯಾಗೋಣ ಅಂದ ತಕ್ಷಣ ಅರ್ಧ ಕೆಲಸ ಮುಗಿದ ಹಾಗೆ ಅನಿಸುತ್ತದೆ. ಎಷ್ಟು ಕೊಡಬೇಕು ಅಂತ ಮಾತಾಯಿತು, ಮಗು ಯಾರ ಹತ್ತಿರ ಅಂತ ಮಾತಾಯಿತು, ವಕೀಲರು ನಾಲ್ಕು ಪುಟ ಟೈಪ್ ಮಾಡಿಸಿದರು, ಸಹಿ ಬಿತ್ತು. ಆಮೇಲೆ ಒಂದೆರಡು ವರ್ಷಕ್ಕೆ ಅದೇ ಇಬ್ಬರು ಮತ್ತೆ ಫ್ಯಾಮಿಲಿ ಕೋರ್ಟಿನ ಹೊರಗೆ ನಿಂತಿರುತ್ತಾರೆ. ಕೊನೆಯ ಕಂತು ಬಂದಿಲ್ಲ. ಹೈಕೋರ್ಟಿಗೆ ಬಂದು ಹೇಳಿಕೆ ಕೊಟ್ಟಿಲ್ಲ. ಬೇಸಿಗೆ ರಜೆಗೆ ಮಗುವನ್ನು ಕಳಿಸಿಲ್ಲ. ಇಂಥ ಜಗಳಗಳಲ್ಲಿ ಜಾಸ್ತಿಯವು ಮೊತ್ತದ ಬಗ್ಗೆ ಅಲ್ಲ, ಪತ್ರದಲ್ಲಿ ಬರೆಯದೇ ಬಿಟ್ಟದ್ದರ ಬಗ್ಗೆ.

ಸಹಿ ಹಾಕುವ ದಿನ ಇಬ್ಬರಲ್ಲೂ ಇನ್ನೂ ಸ್ವಲ್ಪ ಸೌಜನ್ಯ ಉಳಿದಿರುತ್ತದೆ. ಪತ್ರವನ್ನು ಆ ದಿನಕ್ಕಾಗಿ ಬರೆಸಬೇಡಿ. ಮಾತು ಪೂರ್ತಿ ನಿಂತುಹೋದ ದಿನ, ನಿಮ್ಮಿಬ್ಬರ ಪರಿಚಯವೇ ಇಲ್ಲದ ಒಬ್ಬರು ಅದನ್ನು ಓದಿ, ಯಾರು, ಏನನ್ನು, ಯಾವ ತಾರೀಕಿಗೆ ಮಾಡಬೇಕು ಅಂತ ಹೇಳುವ ಹಾಗಿರಬೇಕು. ಇಲ್ಲಿ ಹೇಳುವುದೆಲ್ಲ ಅದಕ್ಕೋಸ್ಕರವೇ.

ನಾನು ಬರೆಯುತ್ತಿರುವುದು ಹಿಂದೂ ವಿವಾಹ ಕಾಯ್ದೆ 1955ರ 13ಬಿ ಅಡಿಯ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಬಗ್ಗೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 28ನೇ ಸೆಕ್ಷನ್, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10ಎ ಇದೆ. ದಾರಿ ಬೇರೆಯಾದರೂ ಪತ್ರ ಬರೆಸುವ ರೀತಿ ಹೆಚ್ಚುಕಮ್ಮಿ ಒಂದೇ.

ಬಾಂಡ್ ಪೇಪರ್ ಮೇಲೆ ಮದುವೆ ಮುರಿಯುವುದಿಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯರ ಮುಂದೆ ಕೂತು, ಬಾಂಡ್ ಪೇಪರ್ ಮೇಲೆ ‘ಇನ್ನು ನಮಗೂ ನಿಮಗೂ ಸಂಬಂಧವಿಲ್ಲ’ ಎಂದು ಬರೆದು, ನೋಟರಿ ಸೀಲು ಹಾಕಿಸಿದರೆ ವಿಚ್ಛೇದನ ಆಗುವುದಿಲ್ಲ. ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ, ಅಂದರೆ ಕೋರ್ಟು ಹೊರಡಿಸುವ ಅಂತಿಮ ತೀರ್ಮಾನದ ಆದೇಶದಿಂದ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾಯ್ದೆಯ 29(2) ಉಳಿಸಿಕೊಂಡಿದೆ ನಿಜ, ಆದರೆ ಅಂಥ ರೂಢಿ ಇದೆ ಎಂದು ಸಾಬೀತು ಮಾಡುವ ಹೊರೆ ಹಾಗೆ ಹೇಳುವವರ ಮೇಲೇ ಬೀಳುತ್ತದೆ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆಯೂ ಅಸಿಂಧು, ಮೇಲೆ ದ್ವಿಪತ್ನಿತ್ವದ ಕೇಸು ಬೇರೆ. ಹಿರಿಯರು ಕೂತು ಮಾತಾಡಿಸಲಿ, ಅದರಿಂದ ಒಳ್ಳೆಯದೇ ಆಗಬಹುದು. ಒಪ್ಪಂದ ಮಾತ್ರ ಕೋರ್ಟಿನ ದಾಖಲೆಗೆ ಸೇರಬೇಕು.

13ಬಿ ಅರ್ಜಿಗೆ ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೂ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಜಂಟಿ ಅರ್ಜಿ ಹಾಕಿ 6 ತಿಂಗಳಾದ ಮೇಲೆ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ‘ಈಗಲೂ ಒಪ್ಪಿದ್ದೇವೆ’ ಅನ್ನಬೇಕು. ಇದನ್ನೇ ಸೆಕೆಂಡ್ ಮೋಷನ್ ಅನ್ನುವುದು. ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದು, ಒಂದುಗೂಡಿಸುವ ಪ್ರಯತ್ನಗಳೆಲ್ಲ ಮುಗಿದು, ಜೀವನಾಂಶ, ಕಸ್ಟಡಿ ಎಲ್ಲ ನಿಜವಾಗಿ ತೀರ್ಮಾನವಾಗಿದ್ದರೆ ಈ 6 ತಿಂಗಳನ್ನು ಮನ್ನಾ ಮಾಡುವ ಅಧಿಕಾರ ಕೋರ್ಟಿಗಿದೆ. ಇದು 2017ರ ತೀರ್ಪು.

1991ರ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದು ನಿಮ್ಮ ಪತ್ರಕ್ಕೆ ತುಂಬಾ ಮುಖ್ಯ. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಅಂದರೆ ಆ ನಡುವಿನ ತಿಂಗಳುಗಳಲ್ಲಿ ನಿಮ್ಮ ರಾಜಿ ಅರ್ಧ ಬೆಂದಿದೆ ಅಷ್ಟೇ. ಮಧ್ಯದಲ್ಲಿ ನಿಂತುಹೋದರೆ ಅಲ್ಲಿಯವರೆಗೆ ಕೊಟ್ಟ ಹಣ ಏನಾಗುತ್ತದೆ, ಎಷ್ಟು ದಿನದೊಳಗೆ ಹಿಂದಿರುಗಬೇಕು ಅಥವಾ ಅದನ್ನು ಜೀವನಾಂಶದ ಲೆಕ್ಕಕ್ಕೆ ಹಿಡಿಯಬೇಕಾ, ಒಂದು ಪ್ಯಾರಾ ಬರೆಸಲೇಬೇಕು. ಬಹಳಷ್ಟು ಪತ್ರಗಳಲ್ಲಿ ಈ ಪ್ಯಾರಾನೇ ಇರುವುದಿಲ್ಲ.

ಮಾತಿಗೆ ಕೂರುವ ಮುಂಚೆ ಲೆಕ್ಕ ಬಿಚ್ಚಿಡಿ

ಸಂಬಳ ಎಷ್ಟು, ಎಲ್ಲೆಲ್ಲಿ ಠೇವಣಿ ಇದೆ, ಪಿ.ಎಫ್. ಎಷ್ಟಾಗಿದೆ, ಯಾರ ಹೆಸರಲ್ಲಿ ಸೈಟು, ಎಷ್ಟು ಸಾಲ. ಇದನ್ನು ಮುಚ್ಚಿಟ್ಟು ಮಾಡಿದ ರಾಜಿ ಬಾಳುವುದಿಲ್ಲ, ಯಾಕೆಂದರೆ ಗುಟ್ಟು ಯಾವತ್ತೋ ಒಂದು ದಿನ ಹೊರಗೆ ಬರುತ್ತದೆ, ಬಂದ ದಿನ ‘ಮೋಸದಿಂದ ಒಪ್ಪಿಗೆ ತಗೊಂಡರು’ ಎಂದು ಡಿಕ್ರಿಯನ್ನೇ ಪ್ರಶ್ನೆ ಮಾಡಬಹುದು.

ಜೀವನಾಂಶದ ಕೇಸುಗಳಲ್ಲಿ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ನಿರ್ದೇಶನ ಕೊಟ್ಟು, ಅದರ ನಮೂನೆಯನ್ನೂ ತೀರ್ಪಿಗೆ ಲಗತ್ತಿಸಿದೆ. ನೀವು ಒಪ್ಪಿಗೆಯಿಂದಲೇ ಬೇರೆಯಾಗುತ್ತಿದ್ದರೂ ಆ ನಮೂನೆಯನ್ನು ಇಬ್ಬರೂ ತುಂಬಿ, ಸಹಿ ಹಾಕಿ, ರಾಜಿ ಪತ್ರಕ್ಕೆ ಲಗತ್ತಿಸಿ. ‘ಇದರಲ್ಲಿ ಹೇಳಿದ್ದನ್ನು ನಂಬಿ ಈ ಮೊತ್ತಕ್ಕೆ ಒಪ್ಪಿದ್ದೇನೆ’ ಎಂಬ ಒಂದು ಸಾಲೂ ಇರಲಿ. ಸತ್ಯ ಹೇಳಿದವರಿಗೂ ಇದು ರಕ್ಷಣೆಯೇ, ನಾಳೆ ಯಾರೂ ಬಂದು ಮುಚ್ಚಿಟ್ಟಿದ್ದಿರಿ ಅನ್ನೋ ಹಾಗಿಲ್ಲ.

ಎಲ್ಲಿ, ಯಾರ ಮುಂದೆ ಮಾತಾಡಬೇಕು

ಫ್ಯಾಮಿಲಿ ಕೋರ್ಟಿನಲ್ಲಿ ಕೇಸಿದ್ದರೆ ಮೀಡಿಯೇಷನ್‌ಗೆ ಕಳಿಸಿ ಎಂದು ನೀವೇ ಕೇಳಬಹುದು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ, ಜಿಲ್ಲೆಗಳಲ್ಲೂ ಕೋರ್ಟಿಗೆ ಹೊಂದಿಕೊಂಡ ಕೇಂದ್ರಗಳಿವೆ. ಅಲ್ಲಿ ಆಡಿದ ಮಾತು ಗೌಪ್ಯ. ರಾಜಿ ಕುದುರದಿದ್ದರೂ ಅದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ.

ಇಬ್ಬರಿಗೂ ಒಬ್ಬರೇ ವಕೀಲರು ಸಾಕು, ಖರ್ಚು ಉಳಿಯುತ್ತೆ ಅಂತಾರೆ. ನನಗೆ ಇದು ಇಷ್ಟವಿಲ್ಲ. ಕೊನೇಪಕ್ಷ ಕರಡನ್ನಾದರೂ ನಿಮ್ಮದೇ ಒಬ್ಬ ವಕೀಲರಿಗೆ ತೋರಿಸಿ. ದುಡ್ಡಿಲ್ಲ ಅನ್ನುವವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹೊಡೆತ, ಬೆದರಿಕೆ ಇದ್ದ ಸಂಬಂಧ ಆದರೆ ಎದುರುಬದುರು ಕೂತು ರಾಜಿ ಮಾತಾಡಲೇಬೇಕು ಎಂದೇನಿಲ್ಲ. ಬೇರೆ ಬೇರೆ ಕೊಠಡಿಯಲ್ಲಿ ಕೂರಿಸಿ ಮಾತಾಡಿಸಿ ಎಂದು ಮಧ್ಯಸ್ಥರನ್ನು ಕೇಳಿ. ಹೆದರಿ ಹಾಕಿದ ಸಹಿಗೆ ಆಯಸ್ಸಿಲ್ಲ.

ದುಡ್ಡು: ಎಷ್ಟು ಅನ್ನುವುದಕ್ಕಿಂತ ಯಾವುದರ ನಂತರ ಯಾವುದು

ಅತಿ ಹೆಚ್ಚು ರಾಜಿ ಮುರಿಯುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಟ್ಟು 30 ಲಕ್ಷ ರೂಪಾಯಿಗೆ ಮಾತಾಗಿದೆ ಅಂದುಕೊಳ್ಳಿ. ಹೆಂಡತಿ ಹಾಕಿದ ಕ್ರೌರ್ಯದ ಕೇಸು ಒಂದಿದೆ, ಹಿಂದೆ ಐಪಿಸಿಯ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85. ಆಕೆಗೆ ಭಯ, ಡಿಕ್ರಿ ಸಿಕ್ಕಮೇಲೆ ಆತ ಹಣ ಕೊಡದೆ ಹೋದರೆ? ಆತನಿಗೆ ಭಯ, ಹಣ ಪೂರ್ತಿ ಕೊಟ್ಟಮೇಲೆ ಆಕೆ ಕೇಸು ಮುಗಿಸಲು ಬರದಿದ್ದರೆ? ಎರಡೂ ನ್ಯಾಯವಾದ ಭಯವೇ. ಪತ್ರ ಎರಡಕ್ಕೂ ಉತ್ತರ ಕೊಡಬೇಕು.

ಒಂದು ವಿಷಯ ತಿಳಿದಿರಲಿ. ಆ ಕ್ರಿಮಿನಲ್ ಕೇಸನ್ನು ಠಾಣೆಗೆ ಹೋಗಿ ‘ವಾಪಸ್ ತಗೊಂಡೆ’ ಎಂದು ಬರೆದುಕೊಟ್ಟರೆ ಮುಗಿಯುವುದಿಲ್ಲ. ನಮ್ಮಲ್ಲಿ ಅದು ತಾವಾಗಿಯೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧ ಅಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 528, ಮೊದಲು ಸಿಆರ್‌ಪಿಸಿಯ 482. ಕೌಟುಂಬಿಕ ಜಗಳದಿಂದ ಹುಟ್ಟಿದ ಇಂಥ ಕೇಸುಗಳನ್ನು ರಾಜಿಯಾದಾಗ ಹೈಕೋರ್ಟ್ ರದ್ದು ಮಾಡಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅದಕ್ಕೆ ದೂರು ಕೊಟ್ಟವರ ಅಫಿಡವಿಟ್ ಬೇಕು.

ಹಾಗಾಗಿ ಹಣವನ್ನು ಕೆಲಸದ ಜತೆ ಕಟ್ಟಿಹಾಕಿ. ಜಂಟಿ ಅರ್ಜಿಯ ದಿನ 10 ಲಕ್ಷದ ಡಿ.ಡಿ. ಸೆಕೆಂಡ್ ಮೋಷನ್ ದಿನ ನ್ಯಾಯಾಧೀಶರ ಮುಂದೆ 10 ಲಕ್ಷ. ಹೈಕೋರ್ಟಿನಲ್ಲಿ ರದ್ದತಿ ಅರ್ಜಿ ಬರುವ ದಿನ, ಆಕೆಯ ಅಫಿಡವಿಟ್ ಸಲ್ಲಿಕೆಯಾದಾಗ, ಉಳಿದ 10 ಲಕ್ಷ. ಆ ಕೊನೆಯ ಕಂತಿನ ಹಣವನ್ನು ಡಿಕ್ರಿಗೆ ಮುಂಚೆಯೇ ಕೋರ್ಟಿನಲ್ಲಿ ಠೇವಣಿ ಇಡಿಸಿದರೆ ಇನ್ನೂ ಒಳ್ಳೆಯದು. ಹಣ ಆತನ ಕೈ ಬಿಟ್ಟಿರುತ್ತದೆ, ಆಕೆಯ ಕೈ ಸೇರಿರುವುದಿಲ್ಲ, ಇಬ್ಬರಿಗೂ ನಿದ್ದೆ ಬರುತ್ತದೆ. ರದ್ದತಿ ಅರ್ಜಿಯನ್ನು ಯಾರು ಹಾಕಬೇಕು, ಡಿಕ್ರಿಯಾದ ಎಷ್ಟು ದಿನದೊಳಗೆ, ಖರ್ಚು ಯಾರದು, ಮೂರನ್ನೂ ಬರೆಸಿ. ‘ಎಲ್ಲಾ ಕೇಸುಗಳನ್ನು ವಾಪಸ್ ಪಡೆಯತಕ್ಕದ್ದು’ ಎಂಬ ಒಂದೇ ಸಾಲು ಏನೇನೂ ಸಾಲದು. ಪ್ರತಿ ಕೇಸಿನ ನಂಬರು, ಕೋರ್ಟು, ಯಾರು ಯಾರ ಮೇಲೆ ಹಾಕಿದ್ದು, ಅತ್ತೆ ಮಾವ ನಾದಿನಿಯರ ಹೆಸರೂ ಸೇರಿ ಪಟ್ಟಿ ಇರಬೇಕು. ಅಣ್ಣ ತಮ್ಮಂದಿರು ಹಾಕಿದ ಸಣ್ಣ ದೂರು ಒಂದು ಪಟ್ಟಿಯಿಂದ ಬಿಟ್ಟುಹೋಗಿ, ಅದರಿಂದಲೇ ಇಡೀ ರಾಜಿ ಕೆಡುವುದುಂಟು.

ಒಡವೆಗೂ ಇದೇ ಮಾತು. ‘ಸ್ತ್ರೀಧನವನ್ನು ಹಿಂದಿರುಗಿಸಲಾಗಿದೆ’ ಎಂದು ಸುಮ್ನೆ ಬರೆಯಬೇಡಿ. ಯಾವ ಒಡವೆ, ಎಷ್ಟು ಗ್ರಾಂ, ಯಾವ ದಿನ ಕೈಸೇರಿತು, ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಫೋಟೋ ಇದ್ದರೆ ಅದನ್ನೂ ಸೇರಿಸಿ.

ತಿಂಗಳ ಹಣವಾದರೆ

ಇಂದು ಮಗುವಿಗೆ 6 ವರ್ಷ, ತಿಂಗಳಿಗೆ 20,000 ರೂಪಾಯಿ ಎಂದು ಬರೆಸಿ, ಏರಿಕೆಯ ಮಾತೇ ಎತ್ತದೆ ಎದ್ದು ಬಂದಿರಿ ಅಂದುಕೊಳ್ಳಿ. ಬೆಲೆಗಳು ವರ್ಷಕ್ಕೆ 6 ಶೇಕಡಾ ಏರಿದರೆ, ಮಗುವಿಗೆ 18 ಆಗುವ ಹೊತ್ತಿಗೆ ಆ ಹಣದಲ್ಲಿ ಬರುವುದು ಇಂದಿನ 10,000ಕ್ಕೆ ಬರುವಷ್ಟು ಸಾಮಾನು. ಅಲ್ಲಿಗೆ ಹೆಚ್ಚಿಸಿ ಎಂದು ಮತ್ತೆ ಅರ್ಜಿ, ಮತ್ತೆ ವಕೀಲರು, ಮತ್ತೆ ಹಳೇ ಗಾಯ. ಏರಿಕೆಯನ್ನು ಈಗಲೇ ಬರೆದರೆ ಇದೆಲ್ಲ ತಪ್ಪುತ್ತದೆ. 2025ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತಿಂಗಳಿಗೆ 50,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಶೇಕಡಾ ಏರಿಕೆ ಎಂದು ಆದೇಶ ಮಾಡಿತು. ನಿಮ್ಮ ಲೆಕ್ಕ ಬೇರೆ ಇರಬಹುದು, ಆದರೆ ಏರಿಕೆಯ ತಾರೀಕು ಮತ್ತು ಪ್ರಮಾಣ ಎರಡೂ ಪತ್ರದಲ್ಲಿ ಇರಲಿ.

ಕೊಡುವವರ ಕಡೆಯಿಂದಲೂ ಯೋಚಿಸಿ. ಕೆಲಸ ಹೋದರೆ? ಕಾಯಿಲೆ ಬಿದ್ದರೆ? ಎಷ್ಟು ತಿಂಗಳು, ಎಷ್ಟು ಕಡಿಮೆ ಕೊಡಬಹುದು, ಯಾವ ದಾಖಲೆ ತೋರಿಸಬೇಕು, ಬಾಕಿ ಯಾವಾಗ ತೀರಿಸಬೇಕು ಎಂದು ಬರೆದಿದ್ದರೆ ಆತ ಒಂದು ಕಷ್ಟದ ತಿಂಗಳಿಗೆ ಪೂರ್ತಿ ಕೈಯೆತ್ತುವುದಿಲ್ಲ. ತಲೆಯ ಮೇಲೆ ಹೊರಲಾರದ ಮೊತ್ತ ಬರೆಸಿಕೊಂಡು ಗೆದ್ದೆವು ಅಂದುಕೊಳ್ಳುವವರಿಗೆ ಆರನೇ ತಿಂಗಳಿಗೆ ಹಣ ನಿಂತುಹೋಗುತ್ತದೆ, ಅಷ್ಟೇ. ಕೊಡುವವರು ತೀರಿಕೊಂಡರೆ ತಿಂಗಳ ಹಣವೂ ನಿಲ್ಲುತ್ತದಲ್ವಾ? ಅದಕ್ಕೆ ಮಗುವಿನ ಹೆಸರಿಗೆ ನಾಮಿನೇಷನ್ ಇರುವ ಟರ್ಮ್ ಇನ್ಶೂರೆನ್ಸ್ ಮಾಡಿಸಿ, ಪ್ರತಿ ವರ್ಷ ಕಂತಿನ ರಸೀದಿ ಕಳಿಸಬೇಕು ಎಂದು ಸೇರಿಸಿ.

ತೆರಿಗೆಯ ಬಗ್ಗೆ ಒಂದೇ ಮಾತು. ತಿಂಗಳ ಜೀವನಾಂಶ ಪಡೆಯುವವರ ಆದಾಯ ಎಂದು ಎಣಿಕೆಯಾಗುತ್ತದೆ, ಒಂದೇ ಬಾರಿ ಕೊಡುವ ಇಡಿಗಂಟನ್ನು ಕೋರ್ಟುಗಳು ಹಾಗೆ ನೋಡಿಲ್ಲ. ಮೊತ್ತ ನಿರ್ಧರಿಸುವಾಗ ಇದು ಲೆಕ್ಕದಲ್ಲಿರಲಿ.

ಮನೆ, ಸೈಟು, ಸಾಲ

‘ಮನೆಯನ್ನು ಹೆಂಡತಿಗೆ ಬಿಟ್ಟುಕೊಡಲಾಗಿದೆ’ ಎಂದು ರಾಜಿ ಪತ್ರದಲ್ಲಿದ್ದ ಮಾತ್ರಕ್ಕೆ ಮನೆ ಆಕೆಯದಾಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ದಾಟಬೇಕಾದರೆ ನೋಂದಣಿ ಬೇಕು. ಕೋರ್ಟಿನ ರಾಜಿ ಡಿಕ್ರಿಗೆ 1908ರ ನೋಂದಣಿ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಆ ಆಸ್ತಿ ಕೇಸಿನ ವಿಷಯವಾಗಿದ್ದರೆ ಮಾತ್ರ. ಹಾಗಾಗಿ ಎರಡು ಕೆಲಸ ಮಾಡಿ. ಜಂಟಿ ಅರ್ಜಿಯಲ್ಲೇ ಆಸ್ತಿಯ ಷೆಡ್ಯೂಲ್, ಚೆಕ್ಕುಬಂದಿ ಸಮೇತ ಹಾಕಿಸಿ. ಮೇಲಾಗಿ, ಇಂಥ ದಿನದೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು, ಖರ್ಚು ಇಂಥವರದು ಎಂದು ಬರೆಸಿ. ಆಮೇಲೆ ಖಾತೆ ಬದಲಾವಣೆ.

ಸಾಲ ಇನ್ನೂ ತೊಡಕಿನದು. ಹೋಮ್ ಲೋನಿಗೆ ಇಬ್ಬರೂ ಸಹಿ ಹಾಕಿದ್ದರೆ, ನಿಮ್ಮ ರಾಜಿ ಏನೇ ಹೇಳಲಿ, ಬ್ಯಾಂಕಿಗೆ ಇಬ್ಬರೂ ಸಾಲಗಾರರೇ. ಕಂತು ಕಟ್ಟಬೇಕಾದವರು ತಪ್ಪಿದರೆ ಇನ್ನೊಬ್ಬರ ಸಿಬಿಲ್ ಸ್ಕೋರ್ ಬೀಳುತ್ತದೆ, ನೋಟಿಸೂ ಬರುತ್ತದೆ. ಸಹಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ, ಒಬ್ಬರ ಹೆಸರಿಗೆ ಸಾಲ ವರ್ಗಾಯಿಸಲು ಅವರ ಆದಾಯ ಸಾಕಾಗುತ್ತದಾ ಕೇಳಿ. ಬ್ಯಾಂಕು ಒಪ್ಪದಿದ್ದರೆ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದೇ ಎಷ್ಟೋ ವಾಸಿ.

ಮಕ್ಕಳ ವಿಷಯ

ಮಗುವಿಗೆ ಸಂಬಂಧಿಸಿದ ಯಾವ ಷರತ್ತೂ ಕೊನೆಯದಲ್ಲ. ಮಗುವಿನ ಹಿತ ಬದಲಾದರೆ ಕೋರ್ಟು ಕಸ್ಟಡಿಯನ್ನೂ ಬದಲಾಯಿಸಬಹುದು, ವಿವಾಹ ಕಾಯ್ದೆಯ 26ನೇ ಸೆಕ್ಷನ್ ಇರುವುದೇ ಅದಕ್ಕೆ. ಹಾಗೆಯೇ ಮಗುವಿನ ಜೀವನಾಂಶವನ್ನು ತಾಯಿ ಬಿಟ್ಟುಕೊಡುವ ಹಾಗಿಲ್ಲ, ಅದು ಮಗುವಿನ ಹಕ್ಕು. ‘ಮಗುವಿಗೂ ಸೇರಿ ಪೂರ್ಣ ಮತ್ತು ಅಂತಿಮ’ ಎಂದು ಬರೆಸಿ ನಿಶ್ಚಿಂತೆಯಿಂದಿರುವ ತಂದೆಯರು ಇದನ್ನು ತಿಳಿದಿರಲಿ. ಹೆಂಡತಿಯಿಂದ ‘ನನಗೇನೂ ಬೇಡ’ ಎಂದು ಬರೆಸಿಕೊಂಡ ಸಾಲನ್ನೂ ಹಲವು ಹೈಕೋರ್ಟುಗಳು ಒಪ್ಪಿಲ್ಲ.

ಭೇಟಿಯ ಷರತ್ತು ನೋಡಿ. ಸಾಮಾನ್ಯವಾಗಿ ಬರೆಯುವುದು: ‘ತಂದೆಯು ಮಗುವನ್ನು ಅನುಕೂಲವಿದ್ದಾಗ ಭೇಟಿ ಮಾಡಬಹುದು.’ ಯಾರ ಅನುಕೂಲ? ಇದಕ್ಕೆ ಬದಲು ಹೀಗೆ ಬರೆಸಿ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಂದೆಯು ತಾಯಿಯ ಮನೆಗೆ ಬಂದು ಮಗುವನ್ನು ಕರೆದುಕೊಂಡು ಹೋಗಿ, ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದು ಬಿಡತಕ್ಕದ್ದು. ಮಗುವಿಗೆ ಹುಷಾರಿಲ್ಲದಿದ್ದರೆ ತಾಯಿಯು ಹಿಂದಿನ ರಾತ್ರಿ 8ರೊಳಗೆ ತಿಳಿಸತಕ್ಕದ್ದು, ತಪ್ಪಿದ ಭೇಟಿ ಮುಂದಿನ ವಾರಾಂತ್ಯಕ್ಕೆ ಬರತಕ್ಕದ್ದು.’ ದಸರಾ ರಜೆ, ಬೇಸಿಗೆ ರಜೆ, ಹುಟ್ಟುಹಬ್ಬ, ವಿಡಿಯೋ ಕಾಲ್ ಸಮಯ, ಅಜ್ಜ ಅಜ್ಜಿಯರ ಭೇಟಿ ಎಲ್ಲಕ್ಕೂ ಹೀಗೇ. ಓದಲು ಬೇಸರ ಬರುವಷ್ಟು ಸಣ್ಣ ವಿವರ ಇರಲಿ. ಇಬ್ಬರೂ ಚೆನ್ನಾಗಿದ್ದಾಗ ಪತ್ರ ತೆಗೆಯದೆ ಹೊಂದಿಸಿಕೊಳ್ಳುತ್ತೀರಿ, ಕೆಟ್ಟಾಗ ಮಾತ್ರ ತೆಗೆಯುತ್ತೀರಿ.

ಮಗುವಿಗೆ ಈಗ 4 ವರ್ಷವಿದ್ದರೆ 14ಕ್ಕೆ ಈ ವೇಳಾಪಟ್ಟಿ ಹೊಂದುವುದಿಲ್ಲ. ಮಗು ಶಾಲೆ ಸೇರಿದಾಗ, ಹೈಸ್ಕೂಲಿಗೆ ಹೋದಾಗ ಇಬ್ಬರೂ ಕೂತು ಮರುಪರಿಶೀಲಿಸಬೇಕು ಎಂದು ಮೊದಲೇ ಬರೆದಿಡಿ. ಶಾಲೆಯ ಶುಲ್ಕವನ್ನು ನೇರ ಶಾಲೆಯ ಖಾತೆಗೇ ಕಟ್ಟುವಂತೆ ಮಾಡಿದರೆ ಹಣ ಎಲ್ಲಿ ಹೋಯಿತು ಎಂಬ ಅನುಮಾನ ಇರುವುದಿಲ್ಲ. ಮತ್ತೆ, ಎಲ್ಲವನ್ನೂ 18 ವರ್ಷಕ್ಕೆ ನಿಲ್ಲಿಸಬೇಡಿ. ಕಾಲೇಜಿನ ದೊಡ್ಡ ಖರ್ಚು ಶುರುವಾಗುವುದೇ ಆಗ. ಪದವಿ ಮುಗಿಯುವವರೆಗೆ ಯಾರು ಎಷ್ಟು ಪಾಲು ಎಂದು ಸೇರಿಸಿ.

ಊರು ಬದಲಿಸುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಪಾಸ್‌ಪೋರ್ಟ್ ಯಾರ ಬಳಿ, ವಿದೇಶ ಪ್ರಯಾಣಕ್ಕೆ ಲಿಖಿತ ಒಪ್ಪಿಗೆ ಬೇಕಾ, ಇದೂ ಬೇಕು. ಮಕ್ಕಳನ್ನು ಗಡಿ ದಾಟಿಸಿಕೊಂಡು ಹೋದಾಗ ವಾಪಸ್ ಕರೆಸುವ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಇಬ್ಬರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ ಈ ಪ್ಯಾರಾವನ್ನು ಅಲ್ಲಿನ ವಕೀಲರಿಗೂ ತೋರಿಸಿ.

ತಪ್ಪಿದರೆ ಏನು

ಪ್ರತಿ ಮುಖ್ಯ ಷರತ್ತಿನ ಕೆಳಗೆ ಈ ಪ್ರಶ್ನೆ ಕೇಳಿ, ಉತ್ತರ ಬರೆಸಿ. ತಿಂಗಳ ಹಣ 5ಕ್ಕೆ ಬರಬೇಕು, 10ರವರೆಗೆ ವಿನಾಯಿತಿ, ಆಮೇಲೆ ಬಡ್ಡಿ. ಭೇಟಿ ತಪ್ಪಿಸಿದರೆ ಬದಲಿ ದಿನ. ಭಿನ್ನಾಭಿಪ್ರಾಯ ಬಂದರೆ ಮೊದಲು 30 ದಿನ ಮಧ್ಯಸ್ಥಿಕೆ, ಅಲ್ಲಿ ಆಗದಿದ್ದರೆ ಕೋರ್ಟು. ಹಣ ನಿಲ್ಲಿಸಿದರು ಎಂದು ಮಗುವಿನ ಭೇಟಿ ನಿಲ್ಲಿಸುವಂತಿಲ್ಲ, ಭೇಟಿ ನಿಲ್ಲಿಸಿದರು ಎಂದು ಹಣ ನಿಲ್ಲಿಸುವಂತಿಲ್ಲ. ಈ ಸಾಲನ್ನಂತೂ ಯಾರೂ ಬಿಡಬೇಡಿ.

ಡಿಕ್ರಿಯಾದ ರಾಜಿಯನ್ನು ಪಾಲಿಸದಿದ್ದರೆ ಅದೇ ಕೋರ್ಟಿನಲ್ಲಿ ಎಕ್ಸಿಕ್ಯೂಷನ್ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟ್ ಜೀವನಾಂಶದ ಆದೇಶವಿದ್ದರೆ, ಹಿಂದಿನ ಸಿಆರ್‌ಪಿಸಿಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144, ಬಾಕಿಗೆ ವಾರಂಟ್ ಕೇಳಲು ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇನ್ನೂ ನೋಡೋಣ’ ಎಂದು ಕಾಯುತ್ತಾ ಆ ವರ್ಷ ಕಳೆದುಕೊಳ್ಳಬೇಡಿ.

ಸಹಿಗೆ ಮುಂಚೆ, ಡಿಕ್ರಿಯ ನಂತರ

ಒಪ್ಪಿಗೆಯಿಂದ ಆದ ಫ್ಯಾಮಿಲಿ ಕೋರ್ಟ್ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ, 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಹಾಗೆ ಹೇಳುತ್ತದೆ. ಆದ್ದರಿಂದ ಕರಡನ್ನು ಮನೆಗೆ ತಂದು ಎರಡು ಮೂರು ರಾತ್ರಿ ಇಟ್ಟುಕೊಂಡು ಓದಿ. ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿಸಿಕೊಳ್ಳಿ, ಕನ್ನಡದಲ್ಲಿ ವಿವರಿಸಲಾಗಿದೆ ಎಂಬ ಸಾಲೂ ಸಹಿಯ ಮೇಲೆ ಇರಲಿ. ಕೋರ್ಟಿನ ಅಂಗಳದಲ್ಲಿ, ಕೇಸು ಕೂಗುವ ಐದು ನಿಮಿಷ ಮುಂಚೆ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ. ಇನ್ನೊಂದು ತಾರೀಕು ಕೇಳಿ, ಏನೂ ಮುಳುಗಿಹೋಗುವುದಿಲ್ಲ.

ಡಿಕ್ರಿ ಬಂದ ಮೇಲೆ ದೃಢೀಕೃತ ನಕಲು ಮೂರು ನಾಲ್ಕು ತೆಗೆಸಿಡಿ, ಬ್ಯಾಂಕು, ಪಾಸ್‌ಪೋರ್ಟ್, ಶಾಲೆ ಎಲ್ಲ ಕಡೆ ಕೇಳುತ್ತಾರೆ. ಪಿ.ಎಫ್., ಎಲ್‌ಐಸಿ, ಬ್ಯಾಂಕ್ ಖಾತೆಗಳ ನಾಮಿನಿ ತಾನಾಗಿ ಬದಲಾಗುವುದಿಲ್ಲ, ನೀವೇ ಬದಲಾಯಿಸಬೇಕು. ಜಂಟಿ ಖಾತೆ ಮುಚ್ಚಿ. ಹಣ ಯಾವತ್ತೂ ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಕಳಿಸಿ, ಯಾವ ತಿಂಗಳ ಯಾವ ಬಾಬ್ತು ಎಂದು ಷರಾದಲ್ಲಿ ಬರೆಯಿರಿ. ಪಡೆಯುವವರೂ ಆ ಸ್ಟೇಟ್‌ಮೆಂಟನ್ನು ವರ್ಷಕ್ಕೊಮ್ಮೆ ಪ್ರಿಂಟ್ ತೆಗೆದು ಡಿಕ್ರಿಯ ಜತೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.